ಬೈಪಾಸ್ ಆದ ಮೇಲೆ: ಬಡಿತದ ವೇಗ ಬೇರೆ, ಹೃದಯದ ಬಲ ಬೇರೆ

ಪುಣೆಯಲ್ಲೋ ಹೈದರಾಬಾದಲ್ಲೋ ಆಫೀಸಲ್ಲಿ ಕೂತಿರ್ತೀವಿ, ಊರಿಂದ ಅಪ್ಪನ ರಿಪೋರ್ಟು ವಾಟ್ಸಾಪಿಗೆ ಬಂದು ಬೀಳುತ್ತೆ: ಹಾರ್ಟ್ ರೇಟ್ 98, ಇಎಫ್ 35. ಎದೆ ಧಸಕ್ ಅನ್ನುತ್ತೆ. ಮೊದಲನೇದು ವೇಗ, ಎರಡನೇದು ಬಲ. ಎರಡನ್ನೂ ಕಲಸಬೇಡಿ.

ಇಎಫ್ ಅಂದ್ರೆ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟು ಹೊರಗೆ ಹೋಗುತ್ತೆ ಅನ್ನೋ ಲೆಕ್ಕ. ಗಟ್ಟಿಮುಟ್ಟಾದವರಲ್ಲೂ ಅದು ಸುಮಾರು 55ರಿಂದ 70, ನೂರಲ್ಲ. 35 ಕಡಿಮೆಯೇ, ಆದರೆ ಹೃದಯ ಮೂರರಲ್ಲೊಂದು ಭಾಗ ಮಾತ್ರ ಉಳಿದಿದೆ ಅಂತಲ್ಲ.

ಸುಮ್ಮನೆ ಕೂತಿದ್ದರೂ ದೇಹಕ್ಕೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. ಬಡಿತಕ್ಕೆ 70 ಎಂಎಲ್ ತಳ್ಳೋ ಹೃದಯ 70 ಸಲ ಬಡಿದರೆ ಸಾಕು. 50 ಎಂಎಲ್ ಮಾತ್ರ ತಳ್ಳೋದಾದರೆ 100 ಸಲ ಬಡೀಬೇಕು. ಆಪರೇಷನ್ ಆದ ಹೊಸದರಲ್ಲಿ ವೇಗ ಏರೋದಕ್ಕೆ ಇದೂ ಒಂದು ಕಾರಣ. ನೋವು, ರಕ್ತಹೀನತೆ ಕೂಡ ಸೇರಿಕೊಳ್ಳುತ್ತೆ. ಐಸಿಯುನಲ್ಲಿ ಎದೆಯಿಂದ ಹೊರಗೆ ಬಂದ ಸಣ್ಣ ತಂತಿ, ಪಕ್ಕದಲ್ಲೊಂದು ಡಬ್ಬಿ ನೋಡಿರಬಹುದು. ಅದು ತಾತ್ಕಾಲಿಕ ಪೇಸಿಂಗ್. ಬಡಿತ ನಿಧಾನವಾದರೆ ಎತ್ತಿ ಹಿಡಿಯುತ್ತೆ; ಕೆಲವೇ ದಿನದಲ್ಲಿ ತಂತಿ ಎಳೆದು ತೆಗೀತಾರೆ.

ನಮ್ಮಪ್ಪನಿಗೆ ಬೈಪಾಸ್ ಆದಾಗ ಸೋದರಮಾವ ಕೇಳಿದ್ದರು: "ಹಂಗಾದ್ರೆ ಪೇಸ್‌ಮೇಕರ್ ಹಾಕ್ಸಿ ಜೋರಾಗಿ ಓಡ್ಸಿದ್ರೆ ಬಲ ಬರಲ್ವೇನೋ?" ಪ್ರಶ್ನೆ ಒಳ್ಳೇದೇ, ಆದರೆ ಬರಲ್ಲ. ಹೃದಯದ ಸ್ನಾಯುವಿಗೆ ಹೆಚ್ಚು ರಕ್ತ ಸಿಗೋದು ಅದು ಸಡಿಲವಾದ ಕ್ಷಣದಲ್ಲಿ; ವೇಗ ಏರಿದಷ್ಟೂ ಆ ಬಿಡುವು ಕಮ್ಮಿ. ಮೇಲಾಗಿ ಮಾಮೂಲಿ ಪೇಸ್‌ಮೇಕರಿನ ತಂತಿ ಬಲ ಕೆಳಕೋಣೆಯಲ್ಲಿರುತ್ತೆ. ಬಲಭಾಗ ಮೊದಲು, ಎಡಭಾಗ ಆಮೇಲೆ ಕುಗ್ಗಿ ತಾಳ ತಪ್ಪುತ್ತೆ. 2002ರ ಡೇವಿಡ್ ಅಧ್ಯಯನದಲ್ಲಿ ಇದ್ದವರು ಇಎಫ್ 40ಕ್ಕಿಂತ ಮೇಲಿಲ್ಲದ, ಪೇಸಿಂಗ್ ಅಗತ್ಯವೂ ಇಲ್ಲದ ರೋಗಿಗಳು. ಬಡಿತ 40ಕ್ಕಿಂತ ಇಳಿದರೆ ಮಾತ್ರ ಪೇಸ್ ಮಾಡಿದವರಿಗಿಂತ, 70ಕ್ಕೆ ಪೇಸ್ ಮಾಡಿದವರಲ್ಲೇ ಸಾವು, ಹೃದಯ ವೈಫಲ್ಯ ಜಾಸ್ತಿಯಾಯ್ತು. ಬಡಿತವೇ ತಡೆಯಾಗೋರಿಗೆ ಪೇಸ್‌ಮೇಕರ್ ಜೀವ ಉಳಿಸುತ್ತೆ, ಆ ಮಾತು ಬೇರೆ. ತಾಳ ತಪ್ಪಿದ ಕೆಲವರಿಗೆ ಎರಡೂ ಕಡೆ ಒಟ್ಟಿಗೆ ಪೇಸ್ ಮಾಡೋ ಸಿಆರ್‌ಟಿಯಿಂದ ಇಎಫ್ ಏರೋದೂ ಉಂಟು.

ಬಲ ಬರೋದು ನಿಧಾನಕ್ಕೆ. ರಕ್ತ ಸಾಲದೆ ಮಂಕಾಗಿದ್ದ ಸ್ನಾಯು ಬೈಪಾಸ್ ಆದ ವಾರಗಳಲ್ಲಿ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತೆ. ಸತ್ತು ಕಲೆಗಟ್ಟಿದ ಭಾಗ ಏಳಲ್ಲ. ಅದಕ್ಕೇ ಐಸಿಡಿ ಹಾಕಬೇಕಾ ಅನ್ನೋದನ್ನ ಸಾಮಾನ್ಯವಾಗಿ ಮೂರು ತಿಂಗಳು ಕಾದು, ಮತ್ತೆ ಎಕೋ ಮಾಡಿ ನೋಡ್ತಾರೆ.

ನನಗೆ ನಿಜವಾಗಿ ಭಯ ಇರೋದು ನಾವೇ ತರಿಸಿಕೊಟ್ಟ ಸ್ಮಾರ್ಟ್ ವಾಚಿನ ಬಗ್ಗೆ. ಅಪ್ಪನ ಬಡಿತ 56 ತೋರಿಸಿತು ಅಂತ ಇಲ್ಲಿಂದಲೇ ಫೋನ್ ಮಾಡಿ "ಗುಳಿಗೆ ನಿಲ್ಲಿಸಿಬಿಡಪ್ಪ" ಅಂತೀವಿ. ಮೆಟೊಪ್ರೊಲಾಲ್, ಕಾರ್ವೆಡಿಲಾಲ್ ಥರದ ಗುಳಿಗೆ ಬಡಿತ ಇಳಿಸೋದು ಬೇಕಂತಲೇ. ದುರ್ಬಲ ಹೃದಯಕ್ಕೆ ತಿಂಗಳುಗಟ್ಟಲೆ ಕೊಟ್ಟಾಗ ಬಲ ತುಂಬೋದೂ ಅವೇ. ದಿಢೀರ್ ನಿಲ್ಲಿಸಿದರೆ ಅಪಾಯ. ತಲೆ ಸುತ್ತಿದರೆ, ಕಣ್ಣು ಕತ್ತಲೆ ಬಂದರೆ, ಮಲಗಿದಾಗ ಉಸಿರು ಕಟ್ಟಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಡೋಸ್ ಇಳಿಸಬೇಕೋ ಬೇಡವೋ ಅವರು ಹೇಳಲಿ.