ಕೋಟಿಗಳ ಸುದ್ದಿ, ಕಡತದ ಸಾಕ್ಷಿ

ಶಿವಮೊಗ್ಗೆಯಿಂದ ಸಾಗರದ ಕಡೆಗೆ ಸಾಗುವ ಹೆದ್ದಾರಿಯ ಮೇಲಿನ ಆಯನೂರಿನಲ್ಲಿ ಬಸ್ಸಿಗಾಗಿ ಕಾದು ನಿಂತವರ ಮಾತು ಮಳೆಯನ್ನೂ ಅಡಕೆಯ ಧಾರಣೆಯನ್ನೂ ದಾಟಿ ಸರ್ಕಾರದ ಖರ್ಚಿಗೆ ಬಂದು ನಿಲ್ಲುವುದು ತೀರ ಸಹಜವಾದ ಸಂಗತಿ. ಒಬ್ಬನ ಕೈಯ ಫೋನು ‘ಖಜಾನೆ ಬರಿದಾಯಿತು’ ಎಂದು ಸಾರುತ್ತದೆ. ಪಕ್ಕದವನ ಫೋನು ‘ದೆಹಲಿ ನಮ್ಮ ಪಾಲನ್ನು ನುಂಗಿತು’ ಎಂದು ಗುಡುಗುತ್ತದೆ. ಎರಡರಲ್ಲಿಯೂ ಕೋಟಿಗಳಿಗೆ ಕೊರತೆಯಿಲ್ಲ. ಆ ಕೋಟಿಗಳು ಯಾವ ಕಡತದಿಂದ ಹೊರಟು ಬಂದವೆಂಬ ವಿವರ ಮಾತ್ರ ಎರಡರಲ್ಲಿಯೂ ಕಾಣಸಿಗುವುದು ಅಪರೂಪ.

ಈ ಸೀಮೆಯವರಿಗೆ ಕಣ್ಣೆದುರಿಗೇ ಇರುವ ನಿದರ್ಶನವೆಂದರೆ ಸೋಗಾನೆಯ ವಿಮಾನ ನಿಲ್ದಾಣ. 2020ರ ಜೂನ್ ತಿಂಗಳಿನಲ್ಲಿ ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಅದಕ್ಕೆ ಶಂಕುಸ್ಥಾಪನೆ ಮಾಡಿದಾಗ ಪತ್ರಿಕೆಗಳಲ್ಲಿ ಬಂದ ಮೊತ್ತ 220 ಕೋಟಿ ರೂಪಾಯಿ. ಕಾಮಗಾರಿ ಮುಂದುವರಿದಂತೆ ಅದು 384 ಕೋಟಿಯಾಯಿತು. 2023ರ ಫೆಬ್ರವರಿ 27ರಂದು ಪ್ರಧಾನಿ ನರೇಂದ್ರ ಮೋದಿಯವರು ಕುವೆಂಪು ಅವರ ಹೆಸರು ಹೊತ್ತ ಆ ನಿಲ್ದಾಣವನ್ನು ಉದ್ಘಾಟಿಸುವ ವೇಳೆಗೆ ಸುಮಾರು 450 ಕೋಟಿಗೆ ಮುಟ್ಟಿತ್ತು. ಮೊದಲಿನ ಅಂಕಿಯನ್ನೂ ಕೊನೆಯ ಅಂಕಿಯನ್ನೂ ಮಾತ್ರ ಎತ್ತಿಕೊಂಡವನು ‘ದುಪ್ಪಟ್ಟು ಲೂಟಿ’ ಎಂದು ತಲೆಬರಹ ಕೊಡಬಲ್ಲ. ಆದರೆ ನಡುವೆ ನಡೆದುದೇನು? ಸಣ್ಣ ವಿಮಾನಗಳಿಗೆಂದು ಆರಂಭವಾದ ಯೋಜನೆ ಏರ್‌ಬಸ್ಸಿನಂಥ ದೊಡ್ಡ ವಿಮಾನಗಳು ಇಳಿಯುವಂತೆ ವಿಸ್ತಾರಗೊಂಡು, ಓಡುದಾರಿಯ ಉದ್ದ 3,200 ಮೀಟರಿಗೆ ಏರಿತು. ಇದರಿಂದಲೇ ಖರ್ಚೆಲ್ಲ ಸಮರ್ಥಿತವಾಯಿತೆಂದು ಹೇಳಲಾಗದು. ಪರಿಷ್ಕೃತ ಅಂದಾಜುಪಟ್ಟಿಯನ್ನೂ ಟೆಂಡರಿನ ಷರತ್ತುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡದೆ ಯಾವ ಪಕ್ಷವೂ ತೀರ್ಪು ಕೊಡುವಂತಿಲ್ಲವೆಂದಷ್ಟೇ ಹೇಳಬಹುದು. ಕಟ್ಟಡದ ತಾವರೆಯ ಆಕಾರದ ಬಗ್ಗೆ ಎದ್ದ ಜಗಳಕ್ಕೆ ಮಾತ್ರ ಕಡತವೇ ಬೇಕಾಗಿರಲಿಲ್ಲ!

ಅದೇ ನಿಲ್ದಾಣವನ್ನು ‘ಕೇಂದ್ರದ ಕೊಡುಗೆ’ ಎಂದು ಬಣ್ಣಿಸುವವರೂ ಉಂಟು. ಕಟ್ಟಿದುದು ರಾಜ್ಯದ ಹಣದಿಂದ. ನಡೆಸುತ್ತಿರುವುದೂ ರಾಜ್ಯದ ಸಂಸ್ಥೆಯೇ. ಉಡಾನ್ ಯೋಜನೆಯ ಮಾರ್ಗಗಳಲ್ಲಿ ವಿಮಾನ ಹಾರಿಸುವ ಸಂಸ್ಥೆಗಳಿಗೆ ನಷ್ಟ ತುಂಬಿಕೊಡುವುದರಲ್ಲಿ ಕೇಂದ್ರದ ಪಾಲು ಹೆಚ್ಚಿನದೆಂಬುದೂ ಅಷ್ಟೇ ನಿಜ. ಕಟ್ಟುವ ಹಣ ಬೇರೆ, ಹಾರಿಸುವ ಹಣ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಸುರಿದಾಗ ಯಾರು ಬೇಕಾದರೂ ಶ್ರೇಯಸ್ಸನ್ನು ಹೊತ್ತೊಯ್ಯಬಹುದು.

ಇನ್ನು ಗ್ಯಾರಂಟಿ ಯೋಜನೆಗಳ ವಿಚಾರ. ಅವುಗಳಲ್ಲಿ ಐದನೆಯದಾದ ಯುವನಿಧಿಗೆ 2024ರ ಜನವರಿ 12ರಂದು ಚಾಲನೆ ದೊರೆತುದು ಶಿವಮೊಗ್ಗೆಯಲ್ಲಿಯೇ. 2025–26ರ ಆಯವ್ಯಯದಲ್ಲಿ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಕಾದಿರಿಸಿದ್ದು 51,034 ಕೋಟಿ. ಎಂಟರಲ್ಲಿ ಒಂದು ಪಾಲೆನ್ನೋಣ. ಆಳುವವರು ಈ ಎಂಟರ ಲೆಕ್ಕವನ್ನು ತೋರಿಸಿ ಸಮಾಧಾನ ಹೇಳುತ್ತಾರೆ. ವಿರೋಧಿಗಳು ಅದೇ ವರ್ಷದ ಸುಮಾರು 1,16,000 ಕೋಟಿಯ ಸಾಲದ ಅಂದಾಜನ್ನು ತೋರಿಸಿ, ಗ್ಯಾರಂಟಿಯೆಲ್ಲ ಸಾಲದ ಅನ್ನವೆನ್ನುತ್ತಾರೆ. ಎರಡು ಅಂಕಿಗಳೂ ಒಂದೇ ಆಯವ್ಯಯದವು. ಮಹಾಲೇಖಪಾಲರು 2023–24ರ ಲೆಕ್ಕವನ್ನು ಪರಿಶೀಲಿಸಿ ಕೊಟ್ಟ ವರದಿಯೋ ಬೇರೊಂದು ಅಳತೆಯನ್ನು ಹಿಡಿಯಿತು: ಗ್ಯಾರಂಟಿಗಳ ವೆಚ್ಚ ರಾಜಸ್ವ ವೆಚ್ಚದ ಶೇಕಡ 15ರಷ್ಟು, ಆ ವರ್ಷದ ರಾಜಸ್ವ ಕೊರತೆ 9,271 ಕೋಟಿ. ಎಂಟನೆಯ ಒಂದು ಪಾಲಿಗೂ ಶೇಕಡ 15ಕ್ಕೂ ವಿರೋಧವಿದೆಯೆಂದು ಬೆರಗಾಗಬೇಕಿಲ್ಲ. ಒಂದು ಇಡೀ ಆಯವ್ಯಯದ ಮೇಲಿನ ಅಂದಾಜು, ಇನ್ನೊಂದು ರಾಜಸ್ವದ ಬಾಬ್ತಿನ ಮೇಲಿನ ವಾಸ್ತವ ಲೆಕ್ಕ. ವರ್ಷಗಳೂ ಬೇರೆ ಬೇರೆ.

ಸುದ್ದಿಯ ಕಣ್ಕಟ್ಟು ಬಹುಪಾಲು ನಡೆಯುವುದು ಇಲ್ಲಿಯೇ. ಮನೆಯ ಮದುವೆಗೆ ಮೊದಲು ಬರೆದ ಯಾದಿಯೊಂದು, ಲಗ್ನಪತ್ರಿಕೆ ಅಚ್ಚಾದ ಮೇಲೆ ತಿದ್ದಿದ ಯಾದಿ ಮತ್ತೊಂದು, ಬೀಗರು ಹೋದ ಮೇಲೆ ಅಂಗಡಿಯವರಿಗೆ ತೀರಿಸಿದ ಬಾಕಿ ಮಗುದೊಂದು. ಸರ್ಕಾರದ ಪುಸ್ತಕದಲ್ಲಿಯೂ ಹೀಗೆಯೇ ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ಲೆಕ್ಕ ಎಂಬ ಅಂಕಣಗಳಿವೆ. ‘ಕೊಟ್ಟರು’ ಎಂಬ ಸುದ್ದಿ ಸಾಮಾನ್ಯವಾಗಿ ಮೊದಲನೆಯ ಅಂಕಣದ್ದು. ಹಣ ನಿಜವಾಗಿ ಕೈ ಸೇರಿತೋ ಇಲ್ಲವೋ ಎಂಬುದು ಕೊನೆಯ ಅಂಕಣದಲ್ಲಿ, ಎರಡು ವರ್ಷಗಳ ಮೇಲೆ, ಎಲ್ಲರೂ ಮರೆತ ಹೊತ್ತಿನಲ್ಲಿ ಹೊರಬೀಳುತ್ತದೆ.

ಇಬ್ಬರೂ ನಿಜವನ್ನೇ ನುಡಿದು ಓದುಗನನ್ನು ದಾರಿ ತಪ್ಪಿಸಬಹುದೆಂಬುದಕ್ಕೆ 5,495 ಕೋಟಿಯ ಕಥೆ ಸಾಕು. 2024ರ ಫೆಬ್ರವರಿ 7ರಂದು ರಾಜ್ಯದ ಮಂತ್ರಿಮಂಡಲವೇ ದೆಹಲಿಗೆ ಹೋಗಿ ತೆರಿಗೆಯ ಪಾಲಿಗಾಗಿ ಧರಣಿ ಕುಳಿತಾಗ ಈ ಮೊತ್ತ ಬಹುವಾಗಿ ಕೇಳಿಬಂದಿತು. ಹದಿನೈದನೆಯ ಹಣಕಾಸು ಆಯೋಗವು ಕರ್ನಾಟಕಕ್ಕೆ ವಿಶೇಷ ಅನುದಾನವಾಗಿ ಅದನ್ನು ಶಿಫಾರಸು ಮಾಡಿತ್ತು, ಕೇಂದ್ರ ಕೊಡಲಿಲ್ಲವೆಂಬುದು ರಾಜ್ಯದ ದೂರು. ಆಯೋಗದ ಅಂತಿಮ ವರದಿಯಲ್ಲಿ ಅಂಥ ಶಿಫಾರಸೇ ಇಲ್ಲವೆಂಬುದು ಕೇಂದ್ರ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಅವರ ಉತ್ತರ. ಆಯೋಗ ಕೊಟ್ಟದ್ದು ಎರಡು ವರದಿ! 2020–21ರ ಒಂದೇ ವರ್ಷಕ್ಕೆ ಸಂಬಂಧಿಸಿದ ಮೊದಲನೆಯದರಲ್ಲಿ ಆ ಮೊತ್ತವಿದೆ. 2021–26ಕ್ಕೆ ಸಂಬಂಧಿಸಿದ ಎರಡನೆಯದರಲ್ಲಿ ಇಲ್ಲ. ಮೊದಲನೆಯದನ್ನು ಕೇಂದ್ರ ಒಪ್ಪಬೇಕಿತ್ತೇ ಎಂಬ ನಿಜವಾದ ಪ್ರಶ್ನೆ ಗದ್ದಲದಲ್ಲಿ ಮುಳುಗಿಹೋಯಿತು. ತೆರಿಗೆಯ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಹದಿನಾಲ್ಕನೆಯ ಆಯೋಗದ ಶೇಕಡ 4.713ರಿಂದ ಹದಿನೈದನೆಯದರಲ್ಲಿ 3.647ಕ್ಕೆ ಇಳಿದುದು ನಿರ್ವಿವಾದ. ಆ ಬಗ್ಗೆ ಮರುಗುವುದಕ್ಕೆ ಅತಿಶಯೋಕ್ತಿಯ ಹಂಗೇ ಬೇಕಿರಲಿಲ್ಲ.

ಇಂಥ ವಾಗ್ವಾದ ಈ ಜಿಲ್ಲೆಗೆ ಹೊಸದೂ ಅಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಮಹಾಯುದ್ಧಾನಂತರದ ಪೇಟೆಯಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು. ಸಂಸ್ಥಾನದ ಹಣ ನೀರುಪಾಲಾಯಿತೆಂಬ ಟೀಕೆ ಬಲವಾಗಿತ್ತು. ವಿಶ್ವೇಶ್ವರಯ್ಯನವರು ಅದೇ ವರ್ಷ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಬಂದು, 1929ರವರೆಗೆ ಇದ್ದು, ಖರ್ಚನ್ನು ಬಾಬ್ತುಬಾಬ್ತಾಗಿ ತಗ್ಗಿಸಿ ಕಾರ್ಖಾನೆಯನ್ನು ನಿಲ್ಲಿಸಿಕೊಟ್ಟರು. ಅದೇ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ, ನೂರು ವರ್ಷಗಳ ಅನಂತರ, ‘ನಷ್ಟ’ ಎಂಬ ಶಬ್ದಕ್ಕೆ ಮತ್ತೆ ಎರಡು ಅರ್ಥ ಹುಟ್ಟಿದವು. ಕಾರ್ಮಿಕರ ಪಾಲಿಗೆ ಅದು ಸ್ವಂತ ಗಣಿಯಿಲ್ಲದ, ಬಂಡವಾಳ ಕಾಣದ ಕಾರ್ಖಾನೆಯ ನಷ್ಟ. ದೆಹಲಿಯ ಪಾಲಿಗೆ ಲೆಕ್ಕಪುಸ್ತಕದ ಕೆಂಪು ಶಾಯಿ.

ಮೂಲವನ್ನು ಹುಡುಕುವುದು ಪಂಡಿತರ ಕೆಲಸವೆಂದು ಹಿಂಜರಿಯುವ ಕಾರಣವಿಲ್ಲ. ಆಯವ್ಯಯ ಭಾಷಣ ಕನ್ನಡದಲ್ಲಿಯೇ ಇದ್ದು, ಬೇಡಿಕೆಗಳ ಸಂಪುಟಗಳೊಂದಿಗೆ ಹಣಕಾಸು ಇಲಾಖೆಯ ಜಾಲತಾಣದಲ್ಲಿ ದೊರೆಯುತ್ತದೆ. ಮಹಾಲೇಖಪಾಲರ ವರದಿ ಸದನದಲ್ಲಿ ಮಂಡಿತವಾದ ಮೇಲೆ ಸಾರ್ವಜನಿಕರ ಸ್ವತ್ತು. ಊರ ರಸ್ತೆ, ಚರಂಡಿಗಳ ಮಟ್ಟಿಗಾದರೆ ಗ್ರಾಮಸಭೆಯಲ್ಲಿಯೇ ಜಮಾಖರ್ಚನ್ನು ಕೇಳಬಹುದು. ಅಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ: ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನಗಳ ಗಡುವು. ‘ಹಣವೆಲ್ಲ ಎಲ್ಲಿ ಹೋಯಿತು?’ ಎಂದು ಕೇಳಿದವನಿಗೆ ಅರ್ಜಿ ಮರಳಿ ಬರುವ ಸಂಭವವೇ ಹೆಚ್ಚು. ಇಂಥ ಕಾಮಗಾರಿಯ ಮಂಜೂರಾತಿ ಆದೇಶದ ಸಂಖ್ಯೆ, ಅಂದಾಜು ಮೊತ್ತ, ಅಳತೆ ಪುಸ್ತಕದ ಪ್ರತಿ, ಪಾವತಿಯಾದ ದಿನಾಂಕ ಎಂದು ಬಿಡಿಸಿ ಕೇಳಿದವನಿಗೆ ಕಾಗದವೇ ದೊರೆಯುತ್ತದೆ.