ಗಿಡ್ಡನೆಂಬ ಕೊರಗೇಕೆ?

"ಅಮ್ಮೀ, ನಾನೇಕೆ ಇಷ್ಟು ಗಿಡ್ಡ?" ಹುಲಿಕಲ್‌ನಂತಹ ಮಲೆನಾಡ ಊರಿನಲ್ಲೂ ಶಾಲೆಯ ಸಾಲಿನಲ್ಲಿ ಸದಾ ಮುಂದೆ ನಿಲ್ಲುವ ಹುಡುಗ ಹೀಗೆ ಕೇಳಬಹುದು. ಅವನಿಗೆ ಇದೇ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್‌ರ ಕಥೆ ಹೇಳಿ. ಎತ್ತರ ಸುಮಾರು ಐದು ಅಡಿ ಮೂರು ಅಂಗುಲ. 1969ರಲ್ಲಿ ಕಾನ್ಪುರದಲ್ಲಿ ಆಡಿದ ಚೊಚ್ಚಲ ಟೆಸ್ಟಿನ ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137!

ಹುಡುಗರು ಸರ್ರನೆ ಎತ್ತರವಾಗುವುದು ಹುಡುಗಿಯರಿಗಿಂತ ಸುಮಾರು ಎರಡು ವರ್ಷ ತಡವಾಗಿ. ಶಾಲೆಗೆ ಹೋಗುವ ಮಗು ವರ್ಷಕ್ಕೆ ನಾಲ್ಕು ಸೆಂಟಿಮೀಟರೂ ಬೆಳೆಯದಿದ್ದರೆ ವೈದ್ಯರಿಗೆ ತೋರಿಸಿ. ಜಾಹೀರಾತು ನೋಡಿ ಟಾನಿಕ್ ತರಬೇಡಿ.

ಮನೆಯಲ್ಲಿ ಪ್ರೀತಿಯಿಂದಲೇ ಆದರೂ 'ಕುಳ್ಳ' ಎಂದು ಕರೆಯುವುದನ್ನು ಇಂದೇ ಬಿಡಿ. ಶತಕ ಹೊಡೆಯದ ಮಗುವೂ ನಮಗೆ ಅಷ್ಟೇ ಮುದ್ದು ಎಂಬುದು ಅವನಿಗೆ ತಿಳಿಯಲಿ.