ದುಡಿಮೆಯ ಸ್ಥಳದಲ್ಲಿ ಅಭಯ

ಮುಂಬಯಿಯ ದಾದರಿನ ಮಗ್ಗುಲಲ್ಲಿರುವ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿ ಸೇವೆ ಸಲ್ಲಿಸುತ್ತಿದ್ದ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗರು, 1973ರ ನವೆಂಬರ್ 27ರಂದು, ಕೆಲಸ ಮುಗಿಸಿ ಉಡುಪು ಬದಲಿಸಲೆಂದು ನೆಲಮಾಳಿಗೆಗೆ ಹೋದಾಗ, ಕರ್ತವ್ಯಲೋಪಕ್ಕಾಗಿ ತಾವೇ ಹಿಂದೆ ಆಕ್ಷೇಪಿಸಿದ್ದ ವಾರ್ಡ್‌ಬಾಯ್ ಒಬ್ಬನ ದ್ವೇಷಕ್ಕೆ ಬಲಿಯಾದರು. ಲೈಂಗಿಕ ದೌರ್ಜನ್ಯ ಎಸಗುವಾಗ ಆತ ನಾಯಿಯ ಸರಪಣಿಯಿಂದ ಕೊರಳನ್ನು ಬಿಗಿದ ಕಾರಣ ಮಿದುಳು ಘಾಸಿಗೊಂಡು, 2015ರ ಮೇ 18ರಂದು ಪ್ರಾಣ ಹೋಗುವವರೆಗೂ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಉಳಿಯಬೇಕಾಯಿತು.

ಅಪರಾಧಿಗೆ ಹಲ್ಲೆ ಮತ್ತು ದರೋಡೆಗಳಿಗಾಗಿ ಏಳು ವರ್ಷಗಳ ಸೆರೆವಾಸವಾಯಿತೇ ವಿನಾ, ಅತ್ಯಾಚಾರದ ಆಪಾದನೆ ನ್ಯಾಯಾಲಯದ ಮುಂದೆ ಬರಲೇ ಇಲ್ಲ. 2011ರ ಮಾರ್ಚ್ 7ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದಾಗಿ ಅರುಣಾರ ಹೆಸರು ದಯಾಮರಣದ ಚರ್ಚೆಯೊಡನೆ ಬೆಸೆದುಕೊಂಡಿದೆ. ಆದರೆ ಸಾವಿನ ಹಕ್ಕಿನ ಜಿಜ್ಞಾಸೆಗೆ ಮೊದಲೇ ಅವರ ಬದುಕು ಎತ್ತಿದ ಪ್ರಶ್ನೆಯು ನಿರ್ಭಯವಾಗಿ ದುಡಿಯುವ ಹಕ್ಕಿನದು.

ರಾಜಸ್ಥಾನ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿದ್ದ ಭಂವರಿ ದೇವಿಯು 1992ರಲ್ಲಿ ಅತ್ಯಾಚಾರಕ್ಕೆ ಗುರಿಯಾದುದೂ ಬಾಲ್ಯವಿವಾಹವೊಂದನ್ನು ತಡೆಯಹೋದುದರಿಂದ. ಇಬ್ಬರೂ ಕರ್ತವ್ಯವನ್ನು ನೆರವೇರಿಸಿದ್ದಕ್ಕಾಗಿಯೇ ದಂಡ ತೆತ್ತರು. ಭಂವರಿಯ ಪ್ರಕರಣದ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ, ದುಡಿಮೆಯ ಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯುವ ವಿಶಾಖಾ ಮಾರ್ಗಸೂಚಿಗಳನ್ನು ವಿಧಿಸಿತು. ಅವುಗಳ ಅಡಿಪಾಯದ ಮೇಲೆ 2013ರ ಡಿಸೆಂಬರ್ 9ರಂದು ಮಹಿಳೆಯರ ಲೈಂಗಿಕ ಕಿರುಕುಳ ತಡೆ ಕಾಯಿದೆ ಜಾರಿಗೆ ಬಂದಿತು.

ಈ ಕಾಯಿದೆಯ ಪ್ರಕಾರ, ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಪ್ರತಿಯೊಂದು ಸಂಸ್ಥೆಯಲ್ಲೂ, ಹಿರಿಯ ಮಹಿಳಾ ನೌಕರರ ಅಧ್ಯಕ್ಷತೆಯಲ್ಲಿ, ಅರ್ಧಕ್ಕೆ ಕಡಮೆಯಿಲ್ಲದಷ್ಟು ಸ್ತ್ರೀಯರೂ ಹೊರಗಿನ ಒಬ್ಬ ಸದಸ್ಯರೂ ಇರುವ ಆಂತರಿಕ ಸಮಿತಿ ಇರತಕ್ಕದ್ದು. ಅಷ್ಟು ನೌಕರರಿಲ್ಲದ ಅಂಗಡಿಯಲ್ಲಿ ದುಡಿಯುವವರೂ, ಮಾಲೀಕನೇ ಆಪಾದಿತನಾದಾಗ ದೂರು ಕೊಡಬೇಕಾದವರೂ ಜಿಲ್ಲೆಯ ಸ್ಥಳೀಯ ಸಮಿತಿಯ ಮೊರೆಹೋಗಬಹುದು. ಮನೆಗೆಲಸದವರಿಗೂ ಆ ಬಾಗಿಲು ತೆರೆದಿದೆ. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಸಲ್ಲಬೇಕು. ತಕ್ಕ ಕಾರಣವಿದ್ದಲ್ಲಿ ಸಮಿತಿಯು ಇನ್ನೂ ಮೂರು ತಿಂಗಳ ಅವಕಾಶ ಕೊಡಬಹುದು. ವಿಚಾರಣೆಗೆ ತೊಂಬತ್ತು ದಿನಗಳ ಮಿತಿಯುಂಟು. ಅದು ನಡೆಯುತ್ತಿರುವಾಗಲೇ ದೂರುದಾರಳು ವರ್ಗಾವಣೆಯನ್ನೋ ಮೂರು ತಿಂಗಳವರೆಗಿನ ರಜೆಯನ್ನೋ ಕೇಳಬಹುದು. ಆಕೆಯ ಹೆಸರನ್ನು ಬಹಿರಂಗಪಡಿಸಕೂಡದು. ಸಮಿತಿಯನ್ನೇ ರಚಿಸದ ಮಾಲೀಕನಿಗೆ ಐವತ್ತು ಸಾವಿರ ರೂಪಾಯಿಗಳವರೆಗೆ ದಂಡವುಂಟು.

ಲೈಂಗಿಕವಲ್ಲದ ಕಿರುಕುಳ, ಎಂದರೆ ಸಭೆಯಲ್ಲಿ ಹೀಯಾಳಿಸುವುದು, ಬೇಕೆಂದೇ ಅಸಾಧ್ಯವಾದ ಕೆಲಸ ಹೊರಿಸುವುದು, ಜೊತೆಗಾರರಿಂದ ದೂರವಿರಿಸುವುದು, ಇವುಗಳಿಗೆ ಇಂಥ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲದ ಕಾರಣ, ಸಂಸ್ಥೆಯ ಸ್ವಂತ ನಿಯಮಗಳಿಗೂ ನೌಕರರ ಸಂಘಕ್ಕೂ ಹೆಚ್ಚಿನ ಹೊಣೆ ಬೀಳುತ್ತದೆ. ಎರಡೂ ಬಗೆಯ ಕಿರುಕುಳದಲ್ಲಿ ಪೀಡಿತರಿಗೆ ಹಿತವಾದ ಮೊದಲ ಕಾರ್ಯ, ದಿನಾಂಕ, ವೇಳೆ, ಆಡಿದ ಮಾತು, ಕಂಡವರ ಹೆಸರು ಇವುಗಳನ್ನು ಆಯಾ ದಿನವೇ ಬರೆದಿಡುವುದು, ಬಂದ ಸಂದೇಶಗಳನ್ನು ಅಳಿಸದಿರುವುದು.

ಆದರೆ ಒಬ್ಬಳೇ ಗದರಿಸಿ, ಒಬ್ಬಳೇ ದೂರಿ, ಒಬ್ಬಳೇ ಹಗೆಯನ್ನು ಎದುರಿಸಬೇಕಾದ ಸಂಸ್ಥೆಯಲ್ಲಿ ಯಾವ ನಿಯಮವೂ ಸಾಲದು. ಕೆ.ಇ.ಎಂ.ನ ದಾದಿಯರು ತಮ್ಮ ಒಡನಾಡಿಯನ್ನು ನಾಲ್ಕು ದಶಕಗಳಿಗೂ ಮಿಕ್ಕಿ ತಲೆಮಾರಿನಿಂದ ತಲೆಮಾರಿಗೆ ಉಪಚರಿಸಿದ ನಿಷ್ಠೆ ಅಸಾಮಾನ್ಯವಾದುದು. ಅಂಥ ನಿಷ್ಠೆಯ ಅಲ್ಪಾಂಶವು ಅನಾಹುತಕ್ಕೆ ಮೊದಲೇ, ಬೆದರಿಕೆಯ ಮೊದಲ ಮಾತಿನಂದೇ, ದೂರಿನ ಕೆಳಗೆ ಸಾಕ್ಷಿಯ ರುಜುವಾಗಿ ದೊರೆಯುವಂತೆ ಮಾಡುವುದು ಪ್ರತಿಯೊಬ್ಬ ಮೇಲಧಿಕಾರಿಯ ಕರ್ತವ್ಯ.